ಚಲನೆಯ ಡೆಮೊಗಳು: ಪಟ್ಟೆ ಮುಗಿಯಿತು, ಚುಕ್ಕಿ ಅರ್ಧ, ಜಲಪಾತ ಬಾಕಿ

ಸುತ್ತಲಿನ ಗಜಿಬಿಜಿ, ನಮ್ಮ ಗಮನ, ಇವುಗಳ ಕಾರಣಕ್ಕೆ ಒಂದೇ ಚಲನೆ ಕಣ್ಣಿಗೆ ಹೇಗೆ ಬೇರೆ ಬೇರೆಯಾಗಿ ಕಾಣುತ್ತದೆ? ಇದನ್ನು ತೋರಿಸಲು ಬ್ರೌಸರ್‌ನಲ್ಲಿ ಮೂರು ಸಣ್ಣ ಡೆಮೊ ಮಾಡುತ್ತಿದ್ದೇನೆ. ಸಾದಾ ಜಾವಾಸ್ಕ್ರಿಪ್ಟ್ ಮತ್ತು ಕ್ಯಾನ್ವಾಸ್ (ಬ್ರೌಸರಿನ ಚಿತ್ರ ಬಿಡಿಸುವ ಜಾಗ), ಅಷ್ಟೇ. ಮೊದಲನೆಯದು ಈಗ ಸಿದ್ಧವಾಗಿದೆ.

ಅದು ದೃಷ್ಟಿ ಸಂಶೋಧಕ ಸ್ಟುವರ್ಟ್ ಆನ್‌ಸ್ಟಿಸ್ 2001ರಲ್ಲಿ ಪ್ರಕಟಿಸಿದ ‘ಹೆಜ್ಜೆ’ ಭ್ರಮೆ. ಹಿನ್ನೆಲೆಯಲ್ಲಿ ಕಪ್ಪು ಬಿಳಿ ಪಟ್ಟೆಗಳು. ಅವುಗಳ ಮೇಲೆ ಒಂದು ತಿಳಿ ಹಳದಿ ಆಯತ, ಒಂದು ಕಡು ನೀಲಿ ಆಯತ, ಎರಡೂ ಬಲಕ್ಕೆ ಸಾಗುತ್ತವೆ. ಕೋಡ್‌ನಲ್ಲಿ ಎರಡಕ್ಕೂ ವೇಗದ ವೇರಿಯಬಲ್ ಒಂದೇ. ನೋಡಿದರೆ ಮಾತ್ರ ಹಳದಿ ಒಮ್ಮೆ ಮುಂದೆ, ನೀಲಿ ಒಮ್ಮೆ ಮುಂದೆ, ಯಾರೋ ಪುಟ್ಟ ಕಾಲಲ್ಲಿ ನಡೆದ ಹಾಗೆ. ಪಟ್ಟೆಗಳನ್ನು ಅಳಿಸುವ ಬಟನ್ ಒತ್ತಿ, ಎರಡೂ ಸರಾಗವಾಗಿ ಜೊತೆಯಲ್ಲೇ ಹೋಗುತ್ತವೆ. ನಾನೇ ಬರೆದ ಕೋಡ್, ಆದರೂ ನನ್ನ ಕಣ್ಣು ಒಪ್ಪುವುದಿಲ್ಲ!

ಗುಟ್ಟು ಇರುವುದು ಅಂಚಿನಲ್ಲಿ. ನೀಲಿಯ ಅಂಚು ಬಿಳಿ ಪಟ್ಟೆಯ ಮೇಲಿದ್ದಾಗ ಎದ್ದು ಕಾಣುತ್ತದೆ, ಆಗ ಅದು ವೇಗವಾಗಿ ಹೋದಂತೆ ಅನಿಸುತ್ತದೆ. ಕಪ್ಪು ಪಟ್ಟೆಗೆ ಬಂದಾಗ ಅಂಚು ಹಿನ್ನೆಲೆಯಲ್ಲಿ ಕರಗುತ್ತದೆ, ನಿಂತೇ ಬಿಟ್ಟಂತೆ ಕಾಣುತ್ತದೆ. ಹಳದಿಗೆ ಇದು ಉಲ್ಟಾ. ಅಂದರೆ ಬಣ್ಣದ ಕೆಲಸ ಇಲ್ಲಿ ಏನೂ ಇಲ್ಲ. ತಿಳಿ ಬೂದು, ಕಡು ಬೂದು ಹಾಕಿದರೂ ಸಾಕು, ಅದಕ್ಕೂ ಒಂದು ಬಟನ್ ಇಟ್ಟಿದ್ದೇನೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಆಯತದ ಉದ್ದದ ಸ್ಲೈಡರ್. ಉದ್ದ ಸರಿಯಾಗಿ ಎರಡು ಪಟ್ಟೆಯಷ್ಟಿದ್ದರೆ ಮುಂದಿನ ಅಂಚೂ ಹಿಂದಿನ ಅಂಚೂ ಒಂದೇ ಬಣ್ಣದ ಮೇಲೆ ಬರುತ್ತವೆ, ಇಡೀ ಆಯತ ತಡೆದು ತಡೆದು ನಡೆಯುತ್ತದೆ. ಅದನ್ನೇ ಒಂದು ಪಟ್ಟೆಯಷ್ಟು ಮಾಡಿ. ಒಂದು ಅಂಚು ಕಪ್ಪಿನ ಮೇಲಿದ್ದಾಗ ಇನ್ನೊಂದು ಬಿಳಿಯ ಮೇಲೆ. ಒಂದು ಓಡುತ್ತದೆ, ಇನ್ನೊಂದು ನಿಲ್ಲುತ್ತದೆ, ಆಯತ ಕಂಬಳಿಹುಳದಂತೆ ಹಿಗ್ಗಿ ಕುಗ್ಗುತ್ತದೆ. ಈ ಎರಡನೇ ರೂಪವೂ ಆನ್‌ಸ್ಟಿಸ್ ಅವರದೇ.

ನೋಡುವವರಿಗೆ ಒಂದು ಸೂಚನೆ: ಆಯತವನ್ನೇ ಕಣ್ಣಲ್ಲಿ ಹಿಂಬಾಲಿಸಬೇಡಿ. ಸ್ವಲ್ಪ ಪಕ್ಕದಲ್ಲಿರುವ ಕೆಂಪು ಚುಕ್ಕಿ ನೋಡಿ, ಹೆಜ್ಜೆ ಇನ್ನೂ ಜೋರಾಗಿ ಕಾಣುತ್ತದೆ. ವೇಗವನ್ನು ಫ್ರೇಮಿಗೆ ಇಷ್ಟು ಪಿಕ್ಸೆಲ್ ಅಂತ ಇಡದೆ ಸೆಕೆಂಡಿನ ಲೆಕ್ಕದಲ್ಲಿ ಇಟ್ಟಿದ್ದೇನೆ. ಇಲ್ಲದಿದ್ದರೆ ಸೆಕೆಂಡಿಗೆ 120 ಫ್ರೇಮ್ ತೋರಿಸುವ (120 ಹರ್ಟ್ಸ್) ಫೋನಿನಲ್ಲಿ ಎಲ್ಲವೂ 60ರ ಪರದೆಗಿಂತ ಎರಡು ಪಟ್ಟು ವೇಗವಾಗಿಬಿಡುತ್ತದೆ.

ಮಬ್ಬಾಗಿದ್ದರೆ ನಿಧಾನ ಅನಿಸುವುದು ಆಟದ ವಿಷಯ ಮಾತ್ರ ಅಲ್ಲ. 1998ರಲ್ಲಿ ಬ್ರಿಟನ್‌ನ ಸಂಶೋಧಕರು ಕಾರು ಓಡಿಸುವ ಸಿಮ್ಯುಲೇಟರಿನಲ್ಲಿ ಮಂಜು ತುಂಬಿದಾಗ ಜನ ತಮಗೆ ಗೊತ್ತಿಲ್ಲದೆ ವೇಗ ಹೆಚ್ಚಿಸಿದ್ದನ್ನು ಕಂಡರು. 2012ರಲ್ಲಿ ಇನ್ನೊಂದು ತಂಡ, ನಿಜವಾದ ಮಂಜು ದೂರದ್ದನ್ನು ಜಾಸ್ತಿ, ಹತ್ತಿರದ್ದನ್ನು ಕಡಿಮೆ ಮಸುಕಾಗಿಸುತ್ತದೆ ಅಲ್ವಾ, ಹಾಗೆ ಮಾಡಿ ನೋಡಿತು. ಫಲಿತಾಂಶ ತಿರುಗುಮುರುಗು, ಜನ ನಿಧಾನ ಮಾಡಿದರು. ನನಗೆ ಎರಡನೆಯದೇ ಹೆಚ್ಚು ನಂಬುವಂತಿದೆ. ಇಡೀ ಪರದೆಯನ್ನು ಒಂದೇ ಸಮ ಮಸುಕು ಮಾಡಿದರೆ ಅದು ಮಂಜಲ್ಲ, ಕೊಳೆಯಾದ ಕನ್ನಡಕ.

ಎರಡನೇ ಡೆಮೊ ಅರ್ಧಕ್ಕೆ ನಿಂತಿದೆ. ಒಂದೇ ತರಹದ ಹತ್ತು ಚುಕ್ಕಿ, ಅವುಗಳಲ್ಲಿ ಕೆಲವು ಒಂದು ಕ್ಷಣ ಮಿನುಗುತ್ತವೆ, ಆಮೇಲೆ ಎಲ್ಲವೂ ಅಡ್ಡಾದಿಡ್ಡಿ ಓಡುತ್ತವೆ. ಮಿನುಗಿದ್ದು ಯಾವುವು ಅಂತ ಕೊನೆಗೆ ಹೇಳಬೇಕು. ಜೆನಾನ್ ಪಿಲಿಶಿನ್ ಮತ್ತು ರಾನ್ ಸ್ಟಾರ್ಮ್ 1988ರಲ್ಲಿ ಬರೆದ ಪ್ರಯೋಗದ ಧಾಟಿ ಇದು. ನೆನಪಿಟ್ಟು ಹಿಂಬಾಲಿಸಬೇಕಾದ ಚುಕ್ಕಿಗಳು ನಾಲ್ಕರ ಆಸುಪಾಸು ದಾಟಿದರೆ ಸಾಮಾನ್ಯವಾಗಿ ಜನ ಸೋಲುತ್ತಾರೆ. ಅಕ್ಕನ ಮಗಳು ಕೂತು ಆಡಿದಳು. ಚುಕ್ಕಿಗಳು ದೂರ ದೂರ ಇದ್ದಷ್ಟು ಹೊತ್ತು ಆರಾಮಾಗಿದ್ದಳು, ಎರಡು ಹತ್ತಿರ ಬಂದು ಸವರಿ ಹೋದದ್ದೇ ತಡ, ಪಕ್ಕದ ಚುಕ್ಕಿಯ ಬೆನ್ನು ಹತ್ತಿದಳು. ಹಾಗಾಗಿ ಚುಕ್ಕಿಗಳ ನಡುವಿನ ಕನಿಷ್ಠ ಅಂತರಕ್ಕೆ ಒಂದು ಸ್ಲೈಡರ್ ಬರಲಿದೆ. ಡಿಕ್ಕಿಯ ಲೆಕ್ಕ ಇನ್ನೂ ಬರೆಯಬೇಕು.

ಮೂರನೆಯದು ಜಲಪಾತ. ರಾಬರ್ಟ್ ಆಡಮ್ಸ್ 1834ರಲ್ಲಿ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಬಗ್ಗೆ ಬರೆದದ್ದು: ಬೀಳುವ ನೀರನ್ನು ಸ್ವಲ್ಪ ಹೊತ್ತು ದಿಟ್ಟಿಸಿ ಪಕ್ಕದ ಬಂಡೆ ನೋಡಿದರೆ ಬಂಡೆ ಮೇಲೇರಿದಂತೆ ಕಾಣುತ್ತದೆ. ನೀರು ತುಂಬಿದಾಗ ಜೋಗದಲ್ಲೂ ನೋಡಬಹುದು. ಅವಿ ಚೌಧುರಿ 1990ರಲ್ಲಿ ಇದಕ್ಕೆ ಗಮನವನ್ನು ಸೇರಿಸಿದರು. ಚಲಿಸುವ ಹಿನ್ನೆಲೆಯ ನಡುವೆ ಅಕ್ಷರ ಅಂಕಿಗಳು ಬರುತ್ತವೆ, ಅಂಕಿ ಕಂಡಾಗ ತಿಳಿಸಬೇಕು. ಆ ಕೆಲಸದಲ್ಲಿ ಮುಳುಗಿದವರಿಗೆ ಆಮೇಲಿನ ಭ್ರಮೆ ಬಹಳ ಕಡಿಮೆ ಹೊತ್ತು ಉಳಿಯಿತು. ಕಣ್ಣ ಮುಂದೆ ಹಿನ್ನೆಲೆ ಅಷ್ಟೇ ಹೊತ್ತು ಹರಿದಿತ್ತು, ಗಮನ ಮಾತ್ರ ಬೇರೆ ಕಡೆ ಇತ್ತು.

ನನ್ನದರಲ್ಲಿ ನಡುವೆ ಕನ್ನಡ ಅಕ್ಷರಗಳು, ಜೊತೆಗೆ 1, 2, 3 ಇರುತ್ತವೆ. ಕನ್ನಡ ಅಂಕಿ ಬೇಡ ಅಂದುಕೊಂಡೆ, ೦ ಬಂದರೆ ಸೊನ್ನೆಯೋ ಅನುಸ್ವಾರವೋ ಅಂತ ಜಗಳ. ಹರಿವು ನಿಂತ ಮೇಲೆ, ಭ್ರಮೆ ಕಾಣುವಷ್ಟು ಹೊತ್ತು ಸ್ಪೇಸ್‌ಬಾರ್ ಒತ್ತಿ ಹಿಡಿಯಬೇಕು, ಬಿಟ್ಟ ಸಮಯ ದಾಖಲಾಗುತ್ತದೆ. ಫೋನಿನಲ್ಲಿ ಬೆರಳು ಪರದೆಯ ಮೇಲೇ ಇರುತ್ತದೆ, ಚಿತ್ರಕ್ಕೆ ಅಡ್ಡ ಬರುತ್ತದೆ. ಬಟನ್ ಅನ್ನು ಕೆಳಗಿನ ಮೂಲೆಗೆ ತಳ್ಳಿ ನೋಡುತ್ತೇನೆ.