ಬೆಂಚಿನ ಮೇಲಿನ ಮಗಳು

ಅಮೆರಿಕದ ನ್ಯೂಜರ್ಸಿಯಲ್ಲಿರುವ ನಮ್ಮ ಊರು ಎಡಿಸನ್ನಿನಿಂದ 78ನೇ ಹೆದ್ದಾರಿ ಹಿಡಿದು ಪೆನ್ಸಿಲ್ವೇನಿಯಕ್ಕೆ ಹೊರಟಾಗ ಹೆಂಡತಿ ಚಕ್ಕುಲಿ ಡಬ್ಬಿ ಕೊಟ್ಟು, "ಅವಳು ಆಡುವುದನ್ನು ವಿಡಿಯೊ ಮಾಡಿಕೊಂಡು ಬನ್ನಿ" ಎಂದಳು. ಹೆಂಡತಿಗೆ ಶನಿವಾರವೂ ಕೆಲಸ.

ಆಡುವುದನ್ನು! ಮಗಳು ತನ್ನ ಪುಟ್ಟ ಕಾಲೇಜಿನ ಮಹಿಳಾ ಫುಟ್‌ಬಾಲ್ ತಂಡದ ಎರಡನೇ ಗೋಲ್‌ಕೀಪರ್. ಮುಂದೆ ಓಡುವವರಿಗಾದರೆ ಸರದಿ ಸಿಗುತ್ತದೆ. ಇಲ್ಲಿನ ಕಾಲೇಜು ನಿಯಮದಲ್ಲಿ ಹೊರಗೆ ಹೋದವರು ದ್ವಿತೀಯಾರ್ಧದಲ್ಲಿ ಮತ್ತೆ ಒಳಗೂ ಬರಬಹುದು. ಗೋಲು ಕಾಯುವವಳಿಗೆ ಸುಸ್ತಾಗುವುದಿಲ್ಲ. ಮೊದಲನೆಯವಳಿಗೆ ಪೆಟ್ಟಾದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದು ಅಮೆರಿಕದ ಕಾಲೇಜು ಕ್ರೀಡೆಯ ಮೂರನೇ ಡಿವಿಜನ್ನಿನ, ಅಂದರೆ ಮೂರನೇ ವಿಭಾಗದ ಕಾಲೇಜು. ಇಂಥವು 400ಕ್ಕೂ ಹೆಚ್ಚಿವೆ. ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನವನ್ನು ಯಾವುದೂ ಕೊಡುವಂತಿಲ್ಲ. ಶುಲ್ಕ ಕಟ್ಟಿ ಮಗಳನ್ನು ಬೆಂಚಿನ ಮೇಲೆ ಕೂರಿಸಿದ್ದೇನೆ ಎಂಬ ಲೆಕ್ಕ ದಾರಿಯುದ್ದಕ್ಕೂ ತಲೆಯಲ್ಲಿತ್ತು. ಒಪ್ಪಬೇಕಾದದ್ದೂ ಇದೆ: ಮಧ್ಯಾಹ್ನ ಹುಡುಗಿಯರ ಪಂದ್ಯ, ಅದೇ ಹುಲ್ಲಿನ ಮೇಲೆ ಸಂಜೆ ಹುಡುಗರದು. ಶಿಕ್ಷಣದಲ್ಲಿ ಹೆಣ್ಣು-ಗಂಡೆಂಬ ಭೇದ ಮಾಡಬಾರದೆನ್ನುವ 1972ರ ಟೈಟಲ್ ನೈನ್ ಕಾನೂನಿನ ಮಹಿಮೆ. ನಾನು ಓದಿದ ಕಾಲೇಜಿನಲ್ಲಿ ಹುಡುಗಿಯರಿಗೆ ಥ್ರೋಬಾಲ್, ಅದೂ ವಾರ್ಷಿಕೋತ್ಸವದ ವಾರ ಮಾತ್ರ.

ಮೈದಾನದಲ್ಲಿ ನನ್ನ ಪಕ್ಕ ಕುಳಿತಿದ್ದವರು ಮೊದಲನೇ ಗೋಲ್‌ಕೀಪರಿನ ತಾಯಿ. ಕಿತ್ತಳೆ ಹೋಳು ಕೊಟ್ಟರು, ನಾನು ಚಕ್ಕುಲಿ ಕೊಟ್ಟೆ. ಎರಡನೆಯದನ್ನು ಅವರೇ ಕೇಳಿ ತೆಗೆದುಕೊಂಡರು.

ಇಲ್ಲಿ ಗಡಿಯಾರ 45ರಿಂದ ಕೆಳಗೆ ಇಳಿಯುತ್ತದೆ, ಟಿವಿ ಪಂದ್ಯಗಳಂತೆ ಏರುವುದಿಲ್ಲ. ದ್ವಿತೀಯಾರ್ಧದಲ್ಲಿ 19 ನಿಮಿಷ ಉಳಿದಿದ್ದಾಗ ಎದುರಾಳಿ ಹುಡುಗಿಯೊಬ್ಬಳು ಚೆಂಡಿನ ಹಿಂದೆ ನುಗ್ಗಿ ಬಂದು ನಮ್ಮ ಗೋಲ್‌ಕೀಪರಿಗೆ ಡಿಕ್ಕಿ ಹೊಡೆದಳು. ಇಬ್ಬರೂ ಬಿದ್ದರು, ನಮ್ಮವಳು ಏಳಲಿಲ್ಲ. ರೆಫರಿ ಗಡಿಯಾರ ನಿಲ್ಲಿಸಿದರು. ಬೆಂಚಿನಲ್ಲಿ ಮಗಳು ಜಾಕೆಟ್ ಕಳಚಿ ಕೈಗವಸು ಹಾಕಿಕೊಳ್ಳತೊಡಗಿದಳು.

ನಾನು ಮೊಬೈಲ್ ಎತ್ತಿದೆ. ಸುಳ್ಳೇಕೆ, ಆ ಕ್ಷಣ ನನಗೆ ಖುಷಿಯಾಗಿತ್ತು. ಆಮೇಲೆ ಪಕ್ಕದ ತಾಯಿಯ ಕಡೆ ಕಣ್ಣು ಹೋಯಿತು. ಅರ್ಧ ಕಚ್ಚಿದ ಚಕ್ಕುಲಿ ಕೈಯಲ್ಲೇ ಇತ್ತು, ಅವರು ಉಸಿರಾಡುತ್ತಿರುವಂತೆಯೇ ಕಾಣಲಿಲ್ಲ. ಮೊಬೈಲನ್ನು ಇಳಿಸುವುದೋ ಹಿಡಿದೇ ಇರುವುದೋ ತಿಳಿಯದೆ ಅದನ್ನು ಎದೆಗೆ ಒತ್ತಿಕೊಂಡು ನಿಂತೆ.

ಹುಡುಗಿ ಎದ್ದಳು. ಮೊಣಕಾಲು ಬಗ್ಗಿಸಿ ನೋಡಿ, ಬೆಂಚಿನ ಕಡೆಗೆ ಹೆಬ್ಬೆರಳೆತ್ತಿದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನನ್ನ ಮಗಳು, ಆ ದಪ್ಪ ಕೈಗವಸಿನಲ್ಲೇ. ಆಮೇಲೆ ಮತ್ತೆ ಜಾಕೆಟ್ ಹಾಕಿಕೊಂಡಳು. ಪಂದ್ಯ ಸಮವಾಯಿತು.

ಹುಡುಗರ ಪಂದ್ಯದಲ್ಲಿ ಅವಳಿಗೆ ಹೊರಗೆ ಹೋದ ಚೆಂಡು ತಂದುಕೊಡುವ ಕೆಲಸ. ಸಂಜೆಯ ಚಳಿಯಲ್ಲಿ ಬೇಲಿಯಾಚೆ ಓಡಿ ಓಡಿ ತರುತ್ತಿದ್ದಳು. ಮಧ್ಯಾಹ್ನ ಆಡಿದವರಿಗಿಂತ ಹೆಚ್ಚು ಓಡಿದಳೇನೋ.

ರಾತ್ರಿ ಮನೆ ತಲುಪಿದಾಗ ನನ್ನ ಮೊಬೈಲಿನಲ್ಲಿದ್ದದ್ದು ನಾಲ್ಕು ನಿಮಿಷದ ವಿಡಿಯೊ. ಅರ್ಧದಷ್ಟು ಬೆಂಚಿನ ಹಿಂಭಾಗ, ಉಳಿದದ್ದು ನನ್ನ ಅಂಗಿಯ ಗುಂಡಿ. ಹೆಂಡತಿ ಎರಡು ಸಲ ನೋಡಿದಳು.

"ಜಡೆ ನೋಡಿ, ಎಷ್ಟು ತೆಳ್ಳಗಾಗಿದೆ. ಎಣ್ಣೆ ಹಚ್ಚುತ್ತಿಲ್ಲ ಅವಳು."