ಕೆಂಪು ಬಂಗಾರ

ರಜೆಗೆ ದಾವಣಗೆರೆಗೆ ಬಂದಿದ್ದೇನೆ. ಸಂಜೆ ಮಂಡಕ್ಕಿ ತಿನ್ನುತ್ತಾ ಅಜ್ಜಿ ಕೇಳಿದಳು, "ಲ್ಯಾಬಲ್ಲಿ ಬಂಗಾರ ಇಟ್ಕೊಂಡು ಏನ್ ಮಾಡ್ತೀಯವ್ವಾ?"

ಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ನಮ್ಮ ಬಂಗಾರದ ಕಣ ಬರೀ 15. ಅಷ್ಟು ಸಣ್ಣದಾದರೆ ಬಂಗಾರ ನೀರಲ್ಲಿ ಹಳದಿ ಕಾಣಲ್ಲ, ದಾಳಿಂಬೆ ರಸದ ಹಾಗೆ ಕೆಂಪು. ಅದಕ್ಕೆ ಔಷಧಿ ಅಂಟಿಸಿ ಕ್ಯಾನ್ಸರ್ ಗಡ್ಡೆಗೆ ತಲುಪಿಸುವ ಆಸೆ. ಜಾಸ್ತಿ ಪಾಲು ದಾರಿಯಲ್ಲೇ ಲಿವರಿಗೆ ಹೋಗಿ ಕೂರುತ್ತದೆ, ಅದು ಬೇರೆ ಗೋಳು. ಕೊಬ್ಬಿನ ಗುಳ್ಳೆಯೊಳಗೆ ಔಷಧಿ ತುಂಬಿದ ಡಾಕ್ಸಿಲ್ ಅನ್ನೋ ಕ್ಯಾನ್ಸರ್ ಮದ್ದಿಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿತ್ತು. ನಮ್ಮ ಬಂಗಾರ ಇನ್ನೂ ಪ್ರಯೋಗದಲ್ಲೇ ಇದೆ.

ಹೋದ ವಾರ ಬಾಟಲಿ ಸರಿಯಾಗಿ ತೊಳೆದಿರಲಿಲ್ಲ. ಕಣಗಳೆಲ್ಲ ಗುಂಪು ಕಟ್ಟಿ, ಕೆಂಪು ಹೋಗಿ ನೇರಳೆ ಬಣ್ಣ. ಮೂರು ದಿನದ ಕೆಲಸ ಹಾಳು.

ಇಷ್ಟೆಲ್ಲ ಕೇಳಿ ಅಜ್ಜಿ ಹಿಡಿದುಕೊಂಡಿದ್ದು ಒಂದೇ: "ಪಾತ್ರೆ ತೊಳೆಯೋದು ಕಲೀಲಿಲ್ವಾ ಇನ್ನೂ?"