ಯಶೋದೆ ಕಣ್ಣು ಮುಚ್ಚಿದ್ದಳೇ?

ಗೋಕುಲಾಷ್ಟಮಿಯ ಕಾರ್ಯಕ್ರಮಕ್ಕೆ ಅಭ್ಯಾಸ ನಡೆಯುತ್ತಿದ್ದಾಗ ಮೃದಂಗದ ಮೇಷ್ಟ್ರು ಥಟ್ಟನೆ ನುಡಿಸುವುದನ್ನು ನಿಲ್ಲಿಸಿ, ಹಾಡುತ್ತಿದ್ದ ಹುಡುಗಿಗೆ ಹಾಕಿದ ಪ್ರಶ್ನೆ ಈ ವಾರವಿಡೀ ನನ್ನ ತಲೆಯಿಂದ ಇಳಿದಿಲ್ಲ. "ಮಗೂನ ಆಡಿಸೋವಾಗ ತಾಯಿ ಕಣ್ಣು ಮುಚ್ಕೊಂಡಿರ್ತಾಳೇನಮ್ಮ?" ಹುಡುಗಿ ಹಾಡುತ್ತಿದ್ದುದು ಪುರಂದರದಾಸರ ‘ಜಗದೋದ್ಧಾರನ’. ಅವಳು ತಡವರಿಸದೆ, "ಕಣ್ಣು ಮುಚ್ಚಿದ್ರೆ ಭಾವ ಬರುತ್ತೆ ಅಂತ ಮಿಸ್ ಹೇಳಿದಾರೆ, ಸಾರ್" ಎಂದಳು. "ನಿನಗೆ ಬಂದ್ರೆ ಆಯ್ತಾ? ಎದುರಿಗೆ ಕೂತಿರೋವ್ರಿಗೆ ಯಾವಾಗ ಬರೋದು?" ಎಂದವರೇ ಮತ್ತೆ ಪಲ್ಲವಿ ಎತ್ತಿಕೊಳ್ಳುವಂತೆ ಸನ್ನೆ ಮಾಡಿದರು.

ಮೇಷ್ಟ್ರು ನಯವಾಗಿ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಆದರೆ ಪಕ್ಕವಾದ್ಯದವರ ಮಾತಿಗೆ ಗುರುಗಳ ಮಾತಿಗೂ ಇಲ್ಲದ ಒಂದು ಬೆಲೆ ಇದೆಯೆಂದೇ ನನ್ನ ಎಣಿಕೆ. ಗುರುಗಳಿಗೆ ತಾವು ಕಲಿಸಿದ ಸಂಗತಿಗಳು, ಎಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವ ರೀತಿಗಳು, ಒಂದೂ ಬಿಡದೆ ಬಂದವೇ ಎಂಬ ಚಿಂತೆ. ಪಕ್ಕವಾದ್ಯದವರಾದರೋ ಅದೇ ಹಾಡನ್ನು ಎಷ್ಟೋ ಕಂಠಗಳಲ್ಲಿ ಕೇಳಿದವರು, ಸಭೆ ಯಾವಾಗ ಕಿವಿಗೊಡುತ್ತದೆ, ಯಾವಾಗ ಪಕ್ಕದವರೊಡನೆ ಮಾತಿಗೆ ತೊಡಗುತ್ತದೆ ಎಂಬುದನ್ನು ವೇದಿಕೆಯ ಅಂಚಿನಲ್ಲಿ ಕುಳಿತು ನೋಡಿದವರು.

ಹುಡುಗಿಯ ಹಾಡಿಕೆಯಲ್ಲಿ ಬೊಟ್ಟು ಮಾಡಿ ತೋರಿಸುವಂಥ ದೋಷವೇನೂ ಇರಲಿಲ್ಲ. ಶ್ರುತಿ ಶುದ್ಧವಾಗಿತ್ತು, ಆದಿತಾಳ ಎಲ್ಲಿಯೂ ಜಾರಲಿಲ್ಲ, ಕಾಪಿ ರಾಗದಲ್ಲಿ ಬಂದು ಹೋಗುವ ಅನ್ಯಸ್ವರಗಳೂ ತಮ್ಮ ತಮ್ಮ ಜಾಗದಲ್ಲೇ ಕಾಣಿಸಿಕೊಂಡವು. ಆದರೂ ಎರಡನೆಯ ಚರಣದ ಹೊತ್ತಿಗೆ ನನ್ನ ಗಮನ ಗೋಡೆಯ ಗಡಿಯಾರದತ್ತ ಹೊರಳಿತ್ತು. ಮೇಷ್ಟ್ರ ಪ್ರಶ್ನೆಯನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತ ಹೋದಂತೆ ಅದರ ಕಾರಣ ಹೊಳೆಯಿತು. ನಿಗಮಕ್ಕೆ, ಎಂದರೆ ವೇದಕ್ಕೆ, ಸಿಲುಕದವನು, ಅಣುವಿಗಿಂತ ಅಣುವಾದವನು, ಮಹತ್ತಿಗಿಂತ ಮಹತ್ತಾದವನು ಎಂದು ಈ ಪದದ ಪ್ರತಿ ಚರಣವೂ ಕೃಷ್ಣನನ್ನು ಯಾರ ಕೈಗೂ ಎಟುಕದ ಎತ್ತರಕ್ಕೆ ಒಯ್ಯುತ್ತದೆ. ಮರುಕ್ಷಣವೇ ‘ಆಡಿಸಿದಳೆಶೋದೆ’ ಎಂಬ ಸಾಲು ಅವನನ್ನು ತಂದು ತಾಯಿಯ ತೊಡೆಯ ಮೇಲೆ ಕೂರಿಸುತ್ತದೆ. ಮೇಲೇರಿದ್ದು ಕೇಳುಗರ ಅರಿವಿಗೆ ಬಾರದಿದ್ದರೆ ಕೆಳಗಿಳಿದ ಬೆರಗೂ ಬಾರದು. ಆದ್ದರಿಂದ ಚರಣದ ಮಾತು ತೂಕವಾಗಿ ನಿಲ್ಲಬೇಕು, ಪಲ್ಲವಿಗೆ ಮರಳುವಾಗ ದನಿ ಹಗುರಾಗಬೇಕು. ಅವಳು ಮಾಡುತ್ತಿದ್ದುದು ಇದಕ್ಕೆ ತಿರುಗುಮುರುಗು: ಚರಣಗಳನ್ನು ಒಂದೇ ಓಟದಲ್ಲಿ ದಾಟಿ, ಮರಳಿ ಬರುವ ಆ ಒಂದು ಸಾಲಿನ ಮೇಲೆ ಕಲಿತದ್ದನ್ನೆಲ್ಲ ಹೇರುತ್ತಿದ್ದಳು. ಗಾಯಕ ಬಿ.ಎಸ್. ರಾಜಯ್ಯಂಗಾರ್ ಅವರು ಇದೇ ಪದವನ್ನು ಹಾಡಿದ ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಒಂದು ಮಗ್ಗುಲಿಗೆ ದಕ್ಕುತ್ತಿದ್ದುದು ಮೂರು ನಿಮಿಷ ಚಿಲ್ಲರೆ; ಅಷ್ಟರಲ್ಲೇ ಹಾಡು ಮನೆಮನೆಗೂ ತಲುಪಿತ್ತು.

ಉಸಿರಿನ ವಿಚಾರವೂ ಇಲ್ಲಿಗೇ ಬಂದು ಸೇರುತ್ತದೆ. ‘ನಿಗಮಕೆ ಸಿಲುಕದ ಅಗಣಿತ ಮಹಿಮನ’ ಎಂಬ ಸಾಲಿನಲ್ಲಿ ‘ಅಗಣಿತ ಮ’ ಎಂದು ಉಸಿರೆಳೆದುಕೊಂಡು ‘ಹಿಮನ’ ಎಂದು ಮುಂದುವರಿದರೆ ತಾಳಕ್ಕೇನೂ ಆಗುವುದಿಲ್ಲ, ಮಹಿಮನು ಮಾತ್ರ ಹಿಮವಾಗಿ ಕರಗಿಹೋಗುತ್ತಾನೆ. ಮೇಷ್ಟ್ರು ಶ್ರುತಿಪೆಟ್ಟಿಗೆಯನ್ನು ನಿಲ್ಲಿಸಿ, ಇಡೀ ಪದವನ್ನು ರಾಗವಿಲ್ಲದೆ, ಎದುರಿಗಿದ್ದ ನನಗೆ ಸುದ್ದಿ ಹೇಳುವ ಹಾಗೆ ಅವಳಿಂದ ಹೇಳಿಸಿದರು. ತಿಳಿಯದ ಪದಗಳಿಗೆ ಅಲ್ಲಲ್ಲೇ ಅರ್ಥವನ್ನೂ ಹೇಳಿದರು. ಮಾತಾಡುವಾಗ ಯಾರೂ ಪದದ ನಡುವೆ ಉಸಿರೆಳೆಯುವುದಿಲ್ಲವಷ್ಟೆ. ಉಸಿರು ತಾನಾಗಿಯೇ ‘ಸಿಲುಕದ’ ಎಂಬಲ್ಲಿಗೆ ಸರಿಯಿತು. ಕಾಲಪ್ರಮಾಣವನ್ನು, ಎಂದರೆ ಹಾಡಿನ ವೇಗವನ್ನು, ಕೊಂಚ ಇಳಿಸಿ ಮತ್ತೆ ಹಾಡಿಸಿದಾಗ, ಯಾವ ಹೊಸ ಸಂಗತಿಯೂ ಸೇರದೆ, ಒಂದೆರಡು ಕಳೆದೂ, ಹಾಡು ಬೇರೆಯೇ ಆಗಿ ಕೇಳಿಸಿತು. ಅವಳ ಮಿಸ್ ಇದನ್ನು ಬಿಗಿದ ತುಟಿಯಲ್ಲೇ ಕೇಳಿಸಿಕೊಂಡರು.

ಮೇಷ್ಟ್ರ ಮಾತನ್ನು ಪೂರ್ತಿ ಒಪ್ಪಲು ನನಗೂ ಮನಸ್ಸಿಲ್ಲ. ಕಣ್ಣು ಮುಚ್ಚಿ ಆಲಾಪನೆ ಮಾಡುತ್ತಲೇ ಸಭೆಯನ್ನು ಹಿಡಿದಿಟ್ಟ ವಿದ್ವಾಂಸರು ಎಷ್ಟೋ ಮಂದಿ. ಅಲ್ಲಿ ರಾಗವೇ ವಿಷಯ, ಕೇಳುಗರೂ ಜೊತೆಗೇ ಕಣ್ಣು ಮುಚ್ಚುತ್ತಾರೆ. ದೇವರನಾಮದ ದಾರಿ ಬೇರೆ. ಅದು ತಂಬೂರಿ ಹಿಡಿದು ಗೆಜ್ಜೆ ಕಟ್ಟಿ ಬೀದಿಯಲ್ಲಿ ಜನರ ನಡುವೆ ಹಾಡುತ್ತ ನಡೆದವರ ಪದ. ಬೀದಿಯಲ್ಲಿ ಕಣ್ಣು ಮುಚ್ಚಿ ನಡೆದರೆ ಎಡವುವುದೇ ಸರಿ. ಇಷ್ಟಾಗಿಯೂ ನಮ್ಮ ಮಕ್ಕಳನ್ನು ದೂರುವುದು ನ್ಯಾಯವಲ್ಲ. ಶ್ರುತಿಗಿಷ್ಟು, ಲಯಕ್ಕಿಷ್ಟು, ಸಾಹಿತ್ಯಕ್ಕಿಷ್ಟು ಎಂದು ಅಂಕ ಹಂಚುವ ಸ್ಪರ್ಧೆಗಳಿಗೆ ಹಲ್ಲು ಬೀಳುವ ವಯಸ್ಸಿನಿಂದಲೇ ಅವರನ್ನು ಕಳುಹಿಸುತ್ತೇವೆ. ತೀರ್ಪುಗಾರರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿರುತ್ತಾರೆ. ಮುಖ ನೋಡಿ ಕೇಳುವವರೇ ಇಲ್ಲದ ಕಡೆ ಹಾಡಿ ಹಾಡಿ ಬೆಳೆದವರಿಗೆ ಕೇಳುಗರೆಂಬವರೊಬ್ಬರು ಇರುತ್ತಾರೆಂಬುದು ಎಲ್ಲಿಂದ ತಿಳಿಯಬೇಕು? ಸಾಲದ್ದಕ್ಕೆ ಈಗ ಮೊಬೈಲು ಬೇರೆ. ಹೆತ್ತವರೂ ಮಗಳನ್ನು ನೋಡುವುದು ಪರದೆಯಲ್ಲೇ.

ಕಾರ್ಯಕ್ರಮದ ದಿನ ಮೈಕಿನವನು ಅಭ್ಯಾಸಬಲದಿಂದ ಎಕೋ ಏರಿಸಿಟ್ಟಿದ್ದ. ಒಂದು ಅಕ್ಷರ ಮುಗಿಯುವ ಮೊದಲೇ ಹಿಂದಿನ ಅಕ್ಷರ ಬಂದು ಮೇಲೆ ಬೀಳುತ್ತಿದ್ದರೆ ಪದಚ್ಛೇದವನ್ನು ಎಷ್ಟು ತಿದ್ದಿದರೂ ವ್ಯರ್ಥವೆಂದು ಮೇಷ್ಟ್ರೇ ಎದ್ದು ಹೋಗಿ ಗದರಿಸಿ ತಗ್ಗಿಸಿದರು. ಚರಣದಲ್ಲಿ ಸ್ವರ ಮೇಲೇರುವಾಗ ಮೈಕಿನಿಂದ ಒಂದು ಗೇಣು ಹಿಂದೆ ಸರಿಯಬೇಕೆಂದು ಹುಡುಗಿಗೂ ಹೇಳಿದರು. ಅವಳು ಮುಂದಿನ ಸಾಲಿನ ಅಜ್ಜಿಯರನ್ನು ನೋಡುತ್ತ ಹಾಡಿದಳು. ಮೊದಲಿಗೆ ಸಂಕೋಚದಿಂದ ದನಿ ಸಣ್ಣಗೆ ನಡುಗಿತು, ಅನುಪಲ್ಲವಿಯ ಹೊತ್ತಿಗೆ ನೆಲೆಗೆ ನಿಂತಿತು.

ಮಂಗಳಾರತಿಯ ನಂತರ ಅಜ್ಜಿಯೊಬ್ಬರು ಅವಳನ್ನು ಕರೆದು, "ಇಷ್ಟು ವರ್ಷದಿಂದ ಈ ಪದ ಕೇಳ್ತಿದೀನಿ, ಅಪ್ರಮೇಯ ಅನ್ನೋದು ಇವತ್ತೇ ಕಿವಿಗೆ ಬಿದ್ದಿದ್ದು. ಹಾಗಂದ್ರೇನು ಕಂದ?" ಎಂದು ಕೇಳಿದರು. "ಅಳತೆಗೆ ಸಿಗದೇ ಇರೋನು, ಅಜ್ಜಿ" ಎಂದು ಅವಳು ಹೇಳುತ್ತಿರುವಾಗಲೇ ತಾಯಿ ಮೊಬೈಲ್ ಹಿಡಿದುಕೊಂಡು ಬಂದರು. "ಒಂದ್ಸಲಾನೂ ಕ್ಯಾಮೆರಾ ಕಡೆ ತಿರುಗಲೇ ಇಲ್ವಲ್ಲೇ, ವಿಡಿಯೋ ಪೂರ್ತಿ ಹಾಳು. ಪಲ್ಲವಿ ಒಂದನ್ನಾದ್ರೂ ಇಲ್ಲೇ ಇನ್ನೊಂದ್ಸಲ ಹಾಡಿಬಿಡು" ಎಂದರು. "ಹಸಿವು ಅಮ್ಮ" ಎಂದವಳೇ ಅವಳು ಅವಲಕ್ಕಿ ಪ್ರಸಾದದ ಸಾಲಿಗೆ ಓಡಿದಳು.